ಹೆಬ್ಬೆರಳಿಗೆ ಗೊತ್ತಿದ್ದ ಭವಿಷ್ಯ

ಬೀರಾನಿಕ್ಕನ ನಾಲಿಗೆಯ ಮೇಲೆ ಮಚ್ಚೆಯೇನೂ ಇರಲಿಲ್ಲ. ವೇಲಾಯುಧೇಟ್ಟನ ಚಹಾದಂಗಡಿಯಲ್ಲಿ ಹುಡುಗರು ಅವರ ಬಾಯಿ ತೆರೆಸಿ, ಮೊಬೈಲಿನ ಟಾರ್ಚ್ ಬಿಟ್ಟು ನೋಡಿಯೇ ಬಿಟ್ಟಿದ್ದರು. ವೀಳ್ಯದೆಲೆಯ ಕೆಂಪು ಬಿಟ್ಟರೆ ಏನೂ ಕಾಣಲಿಲ್ಲ. ಆದರೂ ಅದು ಕರಿನಾಲಿಗೆಯೇ, ಅದು ಕೆಟ್ಟದ್ದು ನುಡಿದರೆ ನಡೆದೇ ತೀರುತ್ತದೆ ಎಂದು ಪುಲ್ಲಂಕಡವಿನ ಜನ ಆ ಫುಟ್‌ಬಾಲ್ ವಿಶ್ವಕಪ್ಪಿನ ಮೊದಲ ವಾರದಲ್ಲೇ ತೀರ್ಮಾನ ಮಾಡಿದರು. ನಮ್ಮೂರಲ್ಲಿ ಒಮ್ಮೆ ತೀರ್ಮಾನವಾದ ಮೇಲೆ ಸಾಕ್ಷಿ ಯಾರಿಗೂ ಬೇಡ.

ಅದಕ್ಕೂ ಮೊದಲು ಬೀರಾನಿಕ್ಕನ ಭವಿಷ್ಯಕ್ಕೆ ಕಾಸಿನ ಕಿಮ್ಮತ್ತಿರಲಿಲ್ಲ. ಪ್ರತಿ ವಿಶ್ವಕಪ್ಪಿಗೂ ಅವರದು ಒಂದೇ ಮಾತು: ಈ ಸಲ ಬ್ರೆಜಿಲ್. ಈ ಇಪ್ಪತ್ತು ವರ್ಷಗಳಲ್ಲಿ ಪ್ರತಿ ಸಲವೂ ಬ್ರೆಜಿಲ್ ಎಲ್ಲೋ ಒಂದು ಕಡೆ ಎಡವಿ ಮನೆಗೆ ಹೋಗುತ್ತಿತ್ತು, ಬೀರಾನಿಕ್ಕ ಎರಡು ದಿನ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಮನೆಯ ಗೋಡೆಗೆ ಹಳದಿ, ಬಾಗಿಲಿಗೆ ಹಸಿರು. "ಮನೇನೋ ಪೆಟ್ರೋಲ್ ಬಂಕೋ" ಎಂದು ಹೆಂಡತಿ ಬಿಯ್ಯುಮ್ಮ ಗೊಣಗುವುದು ಇಡೀ ಓಣಿಗೆ ಕೇಳಿಸುತ್ತಿತ್ತು.

ಕಾಲುಗಳ ವಿಷಯದಲ್ಲಿ ಮಾತ್ರ ಅವರ ಮಾತಿಗೆ ಎದುರಿರಲಿಲ್ಲ. ಏಳೇಳು ಜನ ಆಡುವ ಸೆವೆನ್ಸ್ ಆಟದಲ್ಲಿ ಹರೆಯದಲ್ಲಿ ಹೆಸರು ಮಾಡಿದವರು, ಆಮೇಲೆ ಅಪ್ಪನಿಂದ ಕಲಿತ ಎಣ್ಣೆ ತಿಕ್ಕುವ ಕೆಲಸ ಹಿಡಿದರು. ಊರಿನ ಟೀಮಿನ ಯಾವ ಹುಡುಗನ ಕಾಲೂ ಅವರ ಕೈಗೆ ಹೊಸದಲ್ಲ. ಮಾತಾಡಿಸುತ್ತಾ, ಬೈಯುತ್ತಾ, ಬ್ರೆಜಿಲನ್ನು ಹೊಗಳುತ್ತಾ ತಿಕ್ಕುತ್ತಿರುವಾಗಲೇ ಬಲಗೈ ಹೆಬ್ಬೆರಳು ತಾನಾಗಿ ನೋವಿನ ಜಾಗ ಹುಡುಕಿಕೊಂಡು ಹೋಗಿ ನಿಲ್ಲುತ್ತಿತ್ತು.

ಆ ಕಾಲುಗಳಲ್ಲೆಲ್ಲ ಅವರಿಗೆ ಪ್ರಿಯವಾದದ್ದು ಜಂಷಿಯ ಕಾಲು. ಜಂಷೀದ್ ಹಗಲು ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುವವನು, ಸಂಜೆ ಚೆಂಡು ಸಿಕ್ಕಿದರೆ ಹಿಡಿಯಲಾಗದವನು. ಕೋಯಿಕ್ಕೋಡಿನ ದೊಡ್ಡ ಕ್ಲಬ್ಬೊಂದು ಅವನನ್ನು ಜನವರಿಯಲ್ಲಿ ಆಯ್ಕೆಗೆ ಬಾ ಎಂದು ಕರೆದಿತ್ತು. ಅದು ಸಿಕ್ಕರೆ ಮೊಣಕಾಲೂರಿ ಟೈಲ್ಸ್ ಕೂರಿಸುವುದು ಅಲ್ಲಿಗೆ ಮುಗಿಯಿತು ಎಂದು ಅವನನ್ನು ಹೆತ್ತ ಉಮ್ಮ ಸುಲೈಖ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು. ಅವನಲ್ಲಿ ಬೀರಾನಿಕ್ಕನಿಗೆ ಕಂಡ ಒಂದೇ ದೋಷವೆಂದರೆ ಅವನು ಅರ್ಜೆಂಟೀನಾ ಕಡೆಯವನು.

"ನಿನ್ನ ಅರ್ಜೆಂಟೀನಾನ ಹೊಡೆಯೋಕೆ ಬ್ರೆಜಿಲ್ ಯಾಕೋ ಬೇಕು? ನಮ್ಮ ಸೌದಿ ಹುಡುಗರು ಸಾಕು" ಎಂದು ಆ ಮೊದಲ ಪಂದ್ಯದ ದಿನ ಬೀರಾನಿಕ್ಕ ಅಂಗಡಿಯಲ್ಲಿ ಕೂತು ಅಣಕಿಸಿದರು.

"ಇಕ್ಕಾ, ಸೌದಿಗೆ ಹೋಗಿ ಒಂಟೆ ಕಾಯ್ಕೊಂಡಿರಿ ನೀವು" ಎಂದು ಅಣ್ಣನ ಸಲಿಗೆಯಲ್ಲೇ ತಿರುಗಿ ಹೇಳಿದ ಜಂಷಿ.

ಬರೀ ಬಾಯಿಚಪಲಕ್ಕೆ ಆಡಿದ ಮಾತು. ಕತ್ತಲಾಗುವ ಮೊದಲೇ ಸೌದಿ ಗೆದ್ದಿತು. ತಿಳಿನೀಲಿ ಅಂಗಿ ತೊಟ್ಟ ಗಂಡಸರು ಅಂಗಡಿಯ ಬೆಂಚಿನ ಮೇಲೆ ತಲೆ ಹಿಡಿದು ಕೂತರು, ಜಿದ್ದಾದಿಂದ ಬಿಯ್ಯುಮ್ಮನ ತಮ್ಮ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಮಾರನೆಯ ದಿನ ಜರ್ಮನಿಯ ಅಭಿಮಾನಿಯಾದ ಶಾಲಾ ಮಾಷೊಬ್ಬರು ಏನೋ ಚುಚ್ಚಿದರೆಂದು ಬೀರಾನಿಕ್ಕ ಸಿಟ್ಟಿಗೆದ್ದು, "ನಿಮ್ಮ ಜರ್ಮನಿ ಜಪಾನ್ ಕೈಲಿ ಪೆಟ್ಟು ತಿನ್ನತ್ತೆ, ನೋಡ್ತಿರಿ" ಎಂದರು. ತಿಂದಿತು.

ಅಲ್ಲಿಗೆ ಬೀರಾನಿಕ್ಕನ ದೆಸೆ ತಿರುಗಿತು. ಬೆಳಿಗ್ಗೆ ಅಂಗಡಿಗೆ ಬಂದರೆ ಪೊರೊಟ್ಟ, ಬೀಫ್ ಎರಡೂ ತಾವಾಗಿ ಮುಂದೆ ಬರುತ್ತಿದ್ದವು. ಪೋರ್ಚುಗಲ್ ಕಡೆಯವರು ಕೊಡಿಸುವುದು, ಇಂಗ್ಲೆಂಡ್ ಕಡೆಯವರು ಕೊಡಿಸುವುದು. ಕೊಡಿಸುವುದು ಮಾತಾಡಲಿಕ್ಕಲ್ಲ, ಮಾತಾಡದಿರಲಿಕ್ಕೆ.

"ತಿನ್ನಿ ಇಕ್ಕಾ, ಬಾಯಿ ತುಂಬಾ ತಿನ್ನಿ. ನಮ್ಮ ಟೀಮಿನ ಹೆಸರು ಮಾತ್ರ ಎತ್ತಬೇಡಿ."

"ಬೀರಾನೇ, ಈ ನಾಲಿಗೇನ ಅಡ ಇಟ್ಟರೆ ನನ್ನ ಅಂಗಡಿ ಎರಡು ಮಹಡಿ ಆಗತ್ತೆ ಕಣೋ" ಎನ್ನುತ್ತಿದ್ದರು ವೇಲಾಯುಧೇಟ್ಟ.

ಸುಖ ಅಂದರೆ ಸುಖ. ಊರಿನವರ ಬೆನ್ನು ತಿಕ್ಕಿ ತಿಕ್ಕಿ ಮುದುಕನಾದ ಮನುಷ್ಯ, ಒಮ್ಮೆಲೇ ನಾಲ್ಕು ಜನ ಅವನ ಬಾಯಿ ನೋಡುವ ಹಾಗಾಯಿತು. ಕೊಂಬು ಬಾರದೆ ಇರುತ್ತದೆಯೇ? ಬಂತು. ನಾನೇನು ಅವರನ್ನು ಬೈಯುವುದಿಲ್ಲ. ಆ ಪೊರೊಟ್ಟ ನನಗೆ ಸಿಕ್ಕಿದ್ದರೆ ನಾನೂ ಬಿಡುತ್ತಿರಲಿಲ್ಲ.

ಆದರೆ ಡಿಸೆಂಬರ್ ಕಾಲಿಡುತ್ತಿದ್ದಂತೆ ನಾಲಿಗೆ ಜಾರಿತು. ಸ್ಪೇನ್ ಎದುರು ಜಪಾನ್ ಸೋಲುತ್ತದೆ ಎಂದರು, ಜಪಾನ್ ಗೆದ್ದಿತು. ಅಂಗಡಿಯಲ್ಲಿ ಸಣ್ಣದೊಂದು ನಗು ಎದ್ದಿತು. ಬೀಫ್ ಪ್ಲೇಟು ಬರಲಿಲ್ಲ.

ಊರಿನ ಸೆವೆನ್ಸ್ ಪಂದ್ಯಾವಳಿ ಶುರುವಾಗುವ ಮುನ್ನಾದಿನ ಸಂಜೆ ಕ್ಲಬ್ಬಿನ ಕೋಣೆಯಲ್ಲಿ ಜಂಷಿ ಚಾಪೆಯ ಮೇಲೆ ಮಲಗಿದ್ದ. ಬೀರಾನಿಕ್ಕ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಎಡ ಮೊಣಕಾಲಿನ ಒಳಬದಿಗೆ ಬಂದಾಗ ಹೆಬ್ಬೆರಳು ನಿಂತಿತು. ಒತ್ತಿದರು. ಬಿಗಿಯಾಗಿರಬೇಕಾದದ್ದು ಬಿಗಿಯಾಗಿರಲಿಲ್ಲ. ಕಾಲನ್ನು ಮೆಲ್ಲಗೆ ಓರೆ ಮಾಡಿ ಇನ್ನೊಮ್ಮೆ ಒತ್ತಿದರು. ಕೀಲು ತನ್ನ ಜಾಗ ಬಿಟ್ಟು ಸ್ವಲ್ಪ ಸರಿದು ಮತ್ತೆ ಬಂದು ಕೂತಿತು.

"ಹೇಗಿದೆ ಇಕ್ಕಾ? ಕೆಲಸದಲ್ಲಿ ಕೂತು ಎದ್ದಾಗ ಒಂದೊಂದ್ಸಲ ಹಿಡಿಯತ್ತೆ."

ಆಡಬೇಡ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಸ್ವಲ್ಪ ದಿನ ಆಡಬೇಡ, ಜನವರಿಗೆ ಸರಿಹೋಗತ್ತೆ. ಅಷ್ಟೇ ಹೇಳಬೇಕಾಗಿದ್ದದ್ದು. ಆದರೆ ಹೊರಗೆ ಸಮಿತಿಯವರು ಬ್ಯಾನರ್ ಕಟ್ಟುತ್ತಿದ್ದರು, ಬ್ಯಾನರಿನ ಮೇಲೆ ಜಂಷಿಯ ಫೋಟೋ ಇತ್ತು. "ಎಣ್ಣೆ ಇಳೀಲಿ ಮೋನೆ. ಬೆಳಿಗ್ಗೆ ನೋಡೋಣ" ಎಂದು ಮಗನಿಗೆ ಹೇಳುವ ಹಾಗೆ ಹೇಳಿ ಬೀರಾನಿಕ್ಕ ಕೈ ಒರೆಸಿಕೊಂಡು ಎದ್ದರು.

ದಾರಿಯಲ್ಲಿ ಅಂಗಡಿ. ಅಂಗಡಿಯಲ್ಲಿ ಮಾಷು.

"ಏನು ಬೀರಾನ್, ಕರಿನಾಲಿಗೆ ಬೆಳ್ಳಗಾಯ್ತಂತೆ? ಇನ್ಮೇಲೆ ಬರೀ ಎಣ್ಣೆ ಡಬ್ಬಿ ಹಿಡ್ಕೊಂಡಿರಿ."

ಎಲ್ಲರೂ ನಕ್ಕರು. ಬೀರಾನಿಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಸೌದಿಯ ಬಗ್ಗೆ, ಜಪಾನಿನ ಬಗ್ಗೆ ಅವರು ಆಡಿದ್ದೆಲ್ಲ ಗಾಳಿಮಾತು, ಅದು ಅವರಿಗೂ ಗೊತ್ತಿತ್ತು. ಆದರೆ ಈಗ ಖಂಡಿತ ಗೊತ್ತಿರುವ ಸಂಗತಿಯೊಂದು ಎಣ್ಣೆ ಹತ್ತಿದ ಬೆರಳ ತುದಿಯಲ್ಲಿ ಇನ್ನೂ ಬೆಚ್ಚಗಿತ್ತು.

"ಹೌದಾ? ಹಾಗಾದ್ರೆ ಕೇಳಿ. ನಾಳೆ ನಮ್ಮ ಜಂಷಿ ಹಾಫ್‌ಟೈಮ್ ನೋಡಲ್ಲ."

"ಛೇ, ನಮ್ಮ ಹುಡುಗನ ಬಗ್ಗೆ ಹೀಗೆ ಬಾಯಿ ಬಿಡ್ತಾರೇನೋ, ತೊಳಿ ಆ ಬಾಯಿ" ಎಂದು ವೇಲಾಯುಧೇಟ್ಟ ನೀರಿನ ಚೊಂಬು ತಂದಿಟ್ಟರು. ಬೀರಾನಿಕ್ಕ ಬಾಯಿ ತೊಳೆಯಲಿಲ್ಲ. ಎಲ್ಲರೂ ಮತ್ತೆ ತಮ್ಮ ಬಾಯಿ ನೋಡುತ್ತಿದ್ದಾರೆ ಎಂಬುದಷ್ಟೇ ಆ ಗಳಿಗೆಯಲ್ಲಿ ಅವರಿಗೆ ಬೇಕಾಗಿತ್ತು.

ಮಾತು ಜಂಷಿಯ ಕಿವಿಗೂ ಬಿತ್ತು. ಅವನಿಗೆ ಅದು ತಮಾಷೆ. ಮರುದಿನ ಮೈದಾನದಲ್ಲಿ ಬೀರಾನಿಕ್ಕ ಅವನ ಮೊಣಕಾಲಿಗೆ ಪಟ್ಟಿ ಸುತ್ತುತ್ತಿರುವಾಗ, "ಅರ್ಜೆಂಟೀನಾ ಮೇಲಿನ ಹೊಟ್ಟೆಕಿಚ್ಚು ನನ್ನ ಮೇಲೆ ತೀರಿಸ್ಕೊಳ್ತೀರಲ್ಲ ಇಕ್ಕಾ! ಮಾತು ವಾಪಸ್ ತಗೊಳ್ಳಿ, ಬೇಗ" ಎಂದು ನಕ್ಕ. ಆಗಲೂ ಹೇಳಬಹುದಿತ್ತು. ಮರದ ಹಲಗೆಯ ಗ್ಯಾಲರಿ ತುಂಬಿ ತುಳುಕುತ್ತಿತ್ತು, ಮೈಕಿನಲ್ಲಿ ಅವನ ಹೆಸರು ಕೂಗುತ್ತಿದ್ದರು. ಬೀರಾನಿಕ್ಕ ನಕ್ಕು, ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದರು.

ಆಮೇಲೆ ಅವರನ್ನು ನಿದ್ದೆಗೆ ಬಿಡದೆ ತಿಂದದ್ದು ಈ ನಗುವೇ. ಅದಕ್ಕಿಂತ ಕೆಟ್ಟದ್ದೂ ಒಂದಿತ್ತು. ಆಟ ಶುರುವಾದ ಮೇಲೆ ಅವರ ಕಣ್ಣು ಚೆಂಡಿನ ಮೇಲಿರಲಿಲ್ಲ, ಆ ಎಡಗಾಲಿನ ಮೇಲಿತ್ತು. ಅವನು ಬೀಳದಿರಲಿ ಎಂದು ಮನಸ್ಸು ದುವಾ ಮಾಡುತ್ತಿತ್ತು. ಅದೇ ಮನಸ್ಸಿನ ಯಾವುದೋ ಮೂಲೆಯಲ್ಲಿ ಇನ್ನೊಬ್ಬ ಬೀರಾನ್ ಕೂತು, ಹಾಫ್‌ಟೈಮಿಗೆ ಇನ್ನೆಷ್ಟು ಹೊತ್ತು ಎಂದು ನೋಡುತ್ತಿದ್ದ.

ಯಾರೂ ಜಂಷಿಯನ್ನು ಮುಟ್ಟಲಿಲ್ಲ. ಚೆಂಡು ತೆಗೆದುಕೊಂಡು ಒಳಕ್ಕೆ ತಿರುಗಿದ, ಕಾಲು ತಿರುಗಲಿಲ್ಲ. ಅವನು ಕೂಗಿದ್ದು ಗ್ಯಾಲರಿಯ ಮೇಲಿನ ಸಾಲಿಗೂ ಕೇಳಿಸಿತು. ಗ್ಯಾಲರಿಯ ಜನ ಮೊದಲು ನೋಡಿದ್ದು ಮೈದಾನವನ್ನಲ್ಲ, ಬೀರಾನಿಕ್ಕನನ್ನು.

ಅಂದಿನಿಂದ ಯಾರೂ ಅವರನ್ನು ಅಣಕಿಸಲಿಲ್ಲ. ಮಾಷು ರಸ್ತೆ ದಾಟಿ ಆಚೆಯಿಂದ ಹೋಗತೊಡಗಿದರು. ಪೊರೊಟ್ಟ ಮತ್ತೆ ಬಂತು, ಆದರೆ ಬೀರಾನಿಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಪಾಪ, ಬೀರಾನಿಕ್ಕ ಏನು ಮಾಡ್ತಾರೆ? ನಾಲಿಗೆ ಹಾಗಿದೆ, ಹುಟ್ಟಿಸಿದವನು ಕೊಟ್ಟದ್ದು" ಎಂದು ಊರು ಅವರ ಪರ ವಹಿಸಿ ಮಾತಾಡಿತು. ಆ ಮಾತು ಕೇಳಿದಾಗಲೆಲ್ಲ ಎದೆಗೆ ಕಲ್ಲು ಹೇರಿದ ಹಾಗಾಗುತ್ತಿತ್ತು. ಊರು ಹೊದಿಸಿದ ಆ ಮಾತಿನ ಕೆಳಗೆ ಅವರು ಬಚ್ಚಿಟ್ಟುಕೊಂಡರು. ಜಂಷಿಯ ಮನೆಗೆ ಹೋಗಲಿಲ್ಲ. ಬ್ರೆಜಿಲ್ ಕ್ರೊಯೇಷಿಯಾಕ್ಕೆ ಸೋತಾಗ ಅವರಿಗೆ ಅಳು ಬರಲಿಲ್ಲ. ತನಗೆ ಈ ಶಿಕ್ಷೆ ಸಾಲದು ಎನ್ನಿಸಿತು.

ಸುಲೈಖ ಒಂದು ದಿನ ಮೀನಿನವನ ಹತ್ತಿರ ಸಿಕ್ಕಿದಳು. "ಬೀರಾನ್‌ಕ್ಕಾ, ಇದು ಒಂದೇ ದಿನದಲ್ಲಿ ಆದದ್ದಲ್ಲ, ಮೊದಲೇ ಸಡಿಲ ಆಗಿತ್ತು ಅಂದ್ರು ಡಾಕ್ಟರು. ಮೊದಲೇ ತಿಳಿದಿದ್ರೆ ರೆಸ್ಟ್ ಕೊಟ್ಟೇ ಸರಿ ಮಾಡಬಹುದಿತ್ತಂತೆ. ಯಾರಿಗೆ ಗೊತ್ತಿತ್ತು ಹೇಳಿ? ಒಳಗಿಂದು ಯಾರ ಕಣ್ಣಿಗೆ ಕಾಣತ್ತೆ?"

ಬೀರಾನಿಕ್ಕ ಮತ್ತಿ ಮೀನನ್ನು ಅಲ್ಲೇ ಬಿಟ್ಟು ಮನೆಗೆ ಬಂದರು.

ಫೈನಲ್ಲಿನ ದಿನ ಜಂಷಿಯೇ ಹೇಳಿಕಳಿಸಿದ. ಅರ್ಜೆಂಟೀನಾ, ಫ್ರಾನ್ಸ್. ಊರೆಲ್ಲ ಗದ್ದೆಯಲ್ಲಿ ಕಟ್ಟಿದ್ದ ದೊಡ್ಡ ಪರದೆಯ ಮುಂದೆ ಸೇರಿತ್ತು, ಸುಲೈಖ ಕೂಡ ಪಕ್ಕದ ಮನೆಯ ಹೆಂಗಸರ ಜೊತೆ ಹೋಗಿದ್ದಳು. ಜಂಷಿ ತಿಳಿನೀಲಿ ಅಂಗಿ ತೊಟ್ಟು, ಬಿಗಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಟಿವಿಯ ಮುಂದೆ ಮಂಚದಲ್ಲಿ ಕೂತಿದ್ದ. ಸ್ವಲ್ಪ ಇಳಿದುಹೋಗಿದ್ದ.

"ಬನ್ನಿ ಇಕ್ಕಾ. ಹೆದರ್ಕೊಂಡು ಓಡಾಡ್ತಿದ್ದೀರಂತೆ? ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಾಲಿಗೆ ಮಾಡಿದ್ದಕ್ಕೆ ಮನುಷ್ಯ ಏನು ಮಾಡ್ತಾನೆ?" ಎಂದು ಮಂಚದ ಪಕ್ಕದ ಸ್ಟೂಲು ತೋರಿಸಿದ. "ಒಂದು ಕೆಲಸ ಮಾಡಿ. ನನ್ನ ಕಾಲು ತಗೊಂಡ್ರಿ, ಆಯ್ತು. ಈಗ ಫ್ರಾನ್ಸ್ ಸೋಲತ್ತೆ ಅಂತ ಒಂದೇ ಒಂದು ಮಾತು ಹೇಳಿಬಿಡಿ. ನಮ್ಮಿಬ್ಬರ ಲೆಕ್ಕ ಚುಕ್ತಾ."

ಎಷ್ಟು ಸುಲಭ! ಎರಡು ಪದ. ಫ್ರಾನ್ಸ್ ಗೆದ್ದರೂ ಹುಡುಗ ನಗುತ್ತಿದ್ದ, ಸೋತರೆ ಬಂದು ತಬ್ಬಿಕೊಳ್ಳುತ್ತಿದ್ದ. ಬೀರಾನಿಕ್ಕ ಬಾಯಿ ತೆರೆದರು. ಬಲಗೈಯನ್ನು ಮುಂದೆ ಚಾಚಿ ಹೆಬ್ಬೆರಳು ತೋರಿಸಿದರು.

"ನಾಲಿಗೆ ಅಲ್ಲ ಮೋನೆ. ಇದು."

"ಏನಿದು?"

"ಮುನ್ನಾದಿನ ಎಣ್ಣೆ ಹಚ್ಚುವಾಗ್ಲೇ ನಂಗೆ ಗೊತ್ತಾಗಿತ್ತು. ಕೀಲು ಸರಿದದ್ದು ಈ ಬೆರಳಿಗೆ ಸಿಕ್ಕಿತ್ತು. ನಿಂಗೆ ಹೇಳಲಿಲ್ಲ. ಅಂಗಡಿಗೆ ಹೋಗಿ ಭವಿಷ್ಯ ಅಂತ ಹೇಳಿದೆ. ಅವರು ನಗ್ತಿದ್ರು, ಅದಕ್ಕೆ."

ಟಿವಿಯಲ್ಲಿ ಆಟಗಾರರು ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡುತ್ತಿದ್ದರು. ಜಂಷಿ ಅವರ ಬೆರಳನ್ನೇ ನೋಡಿದ.

"ಅಂಗಡಿಗೆಲ್ಲ ಹೇಳಿದ್ರಿ," ಎಂದ ಕೊನೆಗೆ. "ನಂಗೊಬ್ಬನಿಗೆ ಹೇಳಲಿಲ್ಲ."

ರಿಮೋಟ್ ತೆಗೆದು ಟಿವಿ ಆರಿಸಿಬಿಟ್ಟ. ಹುಟ್ಟಿದಾಗಿನಿಂದ ಅರ್ಜೆಂಟೀನಾ ಅರ್ಜೆಂಟೀನಾ ಎಂದು ಬಡಕೊಂಡ ಹುಡುಗ, ಫೈನಲ್ ಶುರುವಾಗುವ ಹೊತ್ತಿಗೆ ಗೋಡೆಗೆ ಮುಖ ಮಾಡಿ ಮಲಗಿದ. ಇದನ್ನೂ ತಾನೇ ಕಿತ್ತುಕೊಂಡೆ ಎಂದು ಬೀರಾನಿಕ್ಕನಿಗೆ ಅನ್ನಿಸಿತು. ಅವರು ಎದ್ದು ಹೋಗಲಿಲ್ಲ, ಹೋಗಿ ಎಂದು ಅವನೂ ಹೇಳಲಿಲ್ಲ. ಗದ್ದೆಯ ಕಡೆಯಿಂದ ಜನರ ಗದ್ದಲ ಏರುವುದು, ಇಳಿಯುವುದು ಕೇಳಿಸುತ್ತಿತ್ತು.

ಇದ್ದಕ್ಕಿದ್ದಂತೆ ಪಟಾಕಿ ಸಿಡಿಯಿತು. ಡೋಲು, ಸೀಟಿ, ಬೈಕುಗಳ ಹಾರನ್ನು. ಅರ್ಜೆಂಟೀನಾದ ಗೋಲು. ಜಂಷಿ ಕದಲಲಿಲ್ಲ. ಸದ್ದು ತುಸು ಇಳಿದ ಮೇಲೆ ಈ ಕಡೆ ಹೊರಳಿ ಎದ್ದು ಕೂತ. ಮೊಣಕಾಲಿಗೆ ಬಿಗಿದ ಪಟ್ಟಿಯನ್ನು ಒಂದೊಂದಾಗಿ ಬಿಚ್ಚಿದ.

"ಆಪರೇಷನ್ ಆದ್ರೆ ಆಡಬಹುದು ಅಂತ ಡಾಕ್ಟರು ಅಂದಿದ್ದಾರೆ. ಸಮಾಧಾನಕ್ಕೆ ಹೇಳಿದ್ದಾ, ನಿಜಾನಾ, ಗೊತ್ತಿಲ್ಲ. ಮುಟ್ಟಿ ನೋಡಿ. ಈ ಸಲ ನಂಗೆ ಹೇಳಿ."

ಬೀರಾನಿಕ್ಕ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಅಂಗೈಗಳನ್ನು ಉಜ್ಜಿ ಬಿಸಿ ಮಾಡಿ, ನೋವಾಗದಂತೆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆರಳನ್ನು ಒಳಬದಿಗೆ ಕೊಂಡುಹೋದರು. ಒತ್ತಿದರು. ಓರೆ ಮಾಡಿ ಒತ್ತಿದರು. ಸುಳ್ಳು ಹೇಳಲು ಆಸೆಯಾಯಿತು, ಎಂದೂ ಆಗದಷ್ಟು ಆಸೆಯಾಯಿತು.

"ನಡೀತೀಯ. ಕೆಲಸಾನೂ ಮಾಡ್ತೀಯ" ಎಂದರು. "ಆಟ ಇಲ್ಲ, ಮೋನೆ."

ಜಂಷಿ ತಲೆಯಾಡಿಸಿದ. ಹೊರಗೆ ಹುಡುಗರು ಅವನ ಹೆಸರು ಕೂಗುತ್ತಾ, ಬಾವುಟ ಬೀಸುತ್ತಾ ಓಣಿಯಲ್ಲಿ ಓಡಿಹೋದರು. ಅವನು ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳತೊಡಗಿದ. ಬೀರಾನಿಕ್ಕ ಸಹಾಯಕ್ಕೆ ಕೈ ಮುಂದೆ ತಂದರೆ ಮೆಲ್ಲಗೆ ಸರಿಸಿದ.

"ಆಟ ಇಲ್ಲ ಅಂತ ಉಮ್ಮಗೆ ನಾನೇ ಹೇಳ್ತೀನಿ," ಎಂದ. "ನೀವು ಯಾರಿಗೂ ಹೇಳಬೇಡಿ."