ಗಾದಿ ಬಿಚ್ಚಿದಾಗಿನ ಮಾತು

ತಿಕೋಟಾದ ಪಿಂಜಾರ ಲಾಡಲೇಸಾಬನ ಹೆಂಡತಿ ಪೀರಾಂಬಿಗೆ ಬಾಯಿ ಜೋರು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅದನ್ನು ಕುಂದು ಎಂದು ಅವಳು ಒಂದು ದಿನವೂ ತಿಳಿದವಳಲ್ಲ. ಗಂಡ ಮಾತು ಕಡಿಮೆಯವನು. ಅವನು ಅರಳೆ ಹಿಂಜುವ ಕಮಾನು ಹಿಡಿದು ಕೂತರೆ ಟೊಂಯ್ ಟೊಂಯ್ ಎಂಬ ಸದ್ದು ಓಣಿ ತುಂಬುತ್ತಿತ್ತು. ಗಂಟುಗಟ್ಟಿದ ಹಳೆಯ ಅರಳೆ ಬಿಡಿಬಿಡಿಯಾಗಿ ಹಾರಿ ಬೀಳುತ್ತಿತ್ತು. ಅದನ್ನು ಚೀಲಕ್ಕೆ ತುಂಬಿ ದಬ್ಬಣದಿಂದ ಹೊಲಿದು ಗಾದಿ ಮಾಡುವವಳು ಪೀರಾಂಬಿ. ಮನೆಮನೆಗೆ ಹೋಗಿ ಹಳೆಯ ಗಾದಿ ಬಿಚ್ಚುವವಳೂ ಅವಳೇ. ಗಾದಿ ಬಿಚ್ಚುವಾಗ ಮನೆಯ ಹೆಂಗಸರು ಸುತ್ತ ಕೂಡುತ್ತಿದ್ದರು. ಇದರ ಮೇಲೆ ಯಾರು ಹೆತ್ತರು, ಯಾರು ಜ್ವರ ಬಂದು ನರಳಿದರು, ಯಾವ ಅಳಿಯ ಸಿಟ್ಟು ಮಾಡಿಕೊಂಡು ಬರೀ ನೆಲಕ್ಕೆ ಮಲಗಿದ ಎಂದೆಲ್ಲ ಮಾತು ಏಳುತ್ತಿತ್ತು. ಅರಳೆಯ ಜೊತೆ ಮನೆಯೂ ಬಿಚ್ಚಿಕೊಳ್ಳುತ್ತಿತ್ತು.

ಎಪ್ಪತ್ತಾರರ ದೀಪಾವಳಿ ಮುಗಿದ ಮೇಲೆ ವಿಜಾಪುರದ ಒಂದು ಕಲಾಮಂಡಳಿಯವರು ಶಾಂತಪ್ಪನೆಂಬ ನಾಟಕದ ಮಾಸ್ತರನನ್ನು ತಿಕೋಟಾಕ್ಕೆ ಕಳಿಸಿದರು. ಮೂರು ತಿಂಗಳು ಊರಲ್ಲೇ ಇರಬೇಕು, ಊರವರ ಜೊತೆ ಕೂಡಿ, ಅವರ ದನಿಯಲ್ಲೇ ಕೇಳುವಂಥ ನಾಟಕವೊಂದನ್ನು ಕಟ್ಟಬೇಕು. ವೇಷವಿಲ್ಲ, ಪರದೆಯಿಲ್ಲ, ಬರೀ ಮಾತು, ಬರೀ ಸದ್ದು. ಶಾಂತಪ್ಪ ಸೆಲ್ಲು ಹಾಕಿ ನಡೆಸುವ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಪೀರಾಂಬಿಯ ಮನೆಯ ಪಕ್ಕದ ಖೋಲಿಯನ್ನು ಬಾಡಿಗೆಗೆ ಹಿಡಿದ.

ಮೊದಲ ವಾರ ಊರ ಗಂಡಸರು ತಲೆಗೆ ಪಟಗಾ ಸುತ್ತಿಕೊಂಡು, ಮೀಸೆ ತಿದ್ದಿಕೊಂಡು ಬಂದರು. ಯಂತ್ರದ ಮುಂದೆ ಕೂತದ್ದೇ ಎಲ್ಲರೂ ಭಾಷಣಕ್ಕೆ ಇಳಿದರು. ‘ನೆರೆದ ಮಹನೀಯರೇ’ ಎಂಬುದರಿಂದ ಒಬ್ಬನೂ ಕೆಳಗಿಳಿಯಲಿಲ್ಲ. ಆ ಭಾಷಣಗಳ ನಡುವೆಯೂ ಪಕ್ಕದ ಮನೆಯ ಕಮಾನಿನ ಸದ್ದು ನುಗ್ಗಿ ಬರುತ್ತಿತ್ತು. ಶಾಂತಪ್ಪ ರೋಸಿಹೋಗಿ ಪೀರಾಂಬಿಯ ಬಾಗಿಲಿಗೆ ಬಂದ.

"ಒಂದೀಟು ಹೊತ್ತು ನಿಲ್ಲಸ್ತೀರೇನ್ರಿ? ನನ್ನ ಕೆಲಸ ನಡೀವಲ್ದು."

"ಇದು ನಿಂತ್ರ ನಮ್ಮ ಒಲಿ ಹತ್ತಂಗಿಲ್ರಿ ಮಾಸ್ತರ. ಒಳಗ ಬರ್ರಿ, ಚಾ ಕುಡೀರಿ. ನಿಮ್ಮ ಕೆಲಸ ಯಾಕ ನಡೀವಲ್ದು, ಅದನ್ನರ ಹೇಳ್ರಿ."

ಅವನು ಹೇಳಿದ. ಪೀರಾಂಬಿ ನಕ್ಕುಬಿಟ್ಟಳು.

"ಕುರ್ಚಿ ಹಾಕಿ ಕುಂಡ್ರಿಸಿ ಮಾತಾಡ್ರಿ ಅಂದ್ರ ಯಾರ ಮಾತಾಡ್ತಾರ್ರಿ? ಕೈಗೆ ಕೆಲಸ ಕೊಡ್ರಿ, ಬಾಯಿ ತಾನ ತೆರೀತದ. ನಾಳೆ ನನ್ನ ಸಂಗಾಟ ಗಾದಿ ಬಿಚ್ಚಾಕ ಬರ್ರಿ."

ಮರುದಿನ ಇಬ್ಬರೂ ಒಂದು ಮನೆಗೆ ಹೋದರು. ಪರ ಗಂಡಸು ಬಂದು ಕೂತದ್ದೇ ತಡ, ಹೆಂಗಸರು ಸೆರಗು ಮುಂದೆಳೆದು ಸುಮ್ಮನಾದರು. ಹೊರಬಂದ ಮೇಲೆ ಶಾಂತಪ್ಪ ಟೇಪಿನ ಚೀಲವನ್ನು ತನ್ನ ಹೆಗಲಿಂದ ತೆಗೆದು ಅವಳ ಹೆಗಲಿಗೆ ಹಾಕಿದ. ಯಾವ ಗುಂಡಿ ಒತ್ತಬೇಕು, ಮೈಕು ಎಷ್ಟು ದೂರ ಹಿಡಿಯಬೇಕು ಎಂದು ಕಟ್ಟೆಯ ಮೇಲೆ ಕೂತು ಕಲಿಸಿಕೊಟ್ಟ. ಅಂದಿನಿಂದ ಪೀರಾಂಬಿ ದಬ್ಬಣದ ಜೊತೆ ಟೇಪನ್ನೂ ಒಯ್ಯತೊಡಗಿದಳು. ಪ್ರತಿ ಮನೆಯಲ್ಲೂ ಮೊದಲು ಯಂತ್ರ ತೋರಿಸಿ, "ಇದು ನಿಮ್ಮ ಮಾತು ಹಿಡಕೋತದ. ಬ್ಯಾಡಂದ್ರ ಈಗ ಹೇಳ್ರಿ" ಅನ್ನುತ್ತಿದ್ದಳು. ಸಂಜೆ ಬಂದು ಶಾಂತಪ್ಪನ ಜೊತೆ ಕೂತು ಕೇಳುವಳು. ಇದು ಇರಲಿ, ಅದು ಬೇಡ ಎಂದು ಇಬ್ಬರೂ ವಾದ ಮಾಡುವರು. ಒಮ್ಮೆ ಅವನು ಗೆಲ್ಲುವನು, ಒಮ್ಮೆ ಇವಳು. ಮಾತು ಮಾತಿನ ನಡುವೆ ಲಾಡಲೇಸಾಬನ ಕಮಾನು ಬರಬೇಕೆಂದು ಹೇಳಿದವನು ಶಾಂತಪ್ಪ. ಎಲ್ಲಿ ಬರಬೇಕೆಂದು ಹೇಳಿದವಳು ಪೀರಾಂಬಿ.

ಹೊಳೆವ್ವನ ಮಾತು ಸಿಕ್ಕಿದ್ದು ಹಾಗೆಯೇ. ಅವಳು ಗೊಲ್ಲಾಳಪ್ಪನ ಸೊಸೆ. ಅವಳ ಚೊಚ್ಚಲ ಮಗಳು ಸಕ್ರಿ ಮೂರು ವರ್ಷದವಳಿದ್ದಾಗ ಗೋಬರ ಎದ್ದು, ಅಂದರೆ ದಡಾರವಾಗಿ, ತೀರಿಕೊಂಡಿದ್ದಳು. ಆಮೇಲೆ ಮಾವ, ಆ ಹೆಸರು ಮನೆಯಲ್ಲಿ ಬೇಡ ಎಂದಿದ್ದ. ಅಂದಿನಿಂದ ಯಾರೂ ಎತ್ತಿರಲಿಲ್ಲ. ಕೂಸು ಮಲಗುತ್ತಿದ್ದ ಗಾದಿ ಬಿಚ್ಚುವಾಗ ಹೊಳೆವ್ವ ಅರಳೆಯ ಗಂಟು ಬಿಡಿಸುತ್ತ ತಾನಾಗಿ ಹೇಳಿದಳು. ಸಕ್ರಿ ಹೇಗೆ ನಗುತ್ತಿತ್ತು, ಬೆಲ್ಲ ಹೇಗೆ ಕದಿಯುತ್ತಿತ್ತು, ಬಸ್ಸು ಬರದ ದಿನ ಮಾವ ಅದನ್ನು ಹೆಗಲ ಮೇಲೆ ಹಾಕಿಕೊಂಡು ವಿಜಾಪುರದ ದವಾಖಾನೆಯ ದಾರಿ ಹಿಡಿದು ಹೇಗೆ ಓಡಿದ. ಪೀರಾಂಬಿ ಅದನ್ನು ಅಲ್ಲೇ ಅವಳಿಗೆ ಕೇಳಿಸಿದಳು. ತನ್ನ ದನಿಯಲ್ಲಿ ಮಗಳ ಹೆಸರು ಕೇಳಿ ಹೊಳೆವ್ವ ಅತ್ತಳು. ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಚ್ಚಕ್ಕಾ" ಅಂದಳು.

ಸುದ್ದಿ ಗೊಲ್ಲಾಳಪ್ಪನಿಗೆ ಮುಟ್ಟಿತು. ಬಬಲೇಶ್ವರದ ಸಂತೆಯಲ್ಲಿ ಸ್ಪೀಕರ್ ಕಟ್ಟಿ ಇದನ್ನೆಲ್ಲ ಕೇಳಿಸುತ್ತಾರೆಂದು ಯಾರೋ ಹೇಳಿದ್ದರು. ಅವನು ಬಡಿಗೆ ಊರಿಕೊಂಡು ಬಂದ.

"ಏನ ಬೇ ಪೀರಾಂಬಿ, ನಮ್ಮ ಮನಿ ದುಃಖ ಸಂತ್ಯಾಗ ಹರಾಜ ಹಾಕ್ತಿಯೇನು? ಅಳಿಸಿ ಹಾಕು ಅದನ್ನ."

ಶಾಂತಪ್ಪ ಅಡ್ಡ ಬಂದ. "ಯಜಮಾನ್ರ, ಇಡೀ ಕೆಲಸದಾಗ ಅದಕ್ಕಿಂತ ಚಲೋದು ಇನ್ನೊಂದಿಲ್ರಿ. ಅದನ್ನ ಬಿಡಾಕ ಬರಂಗಿಲ್ಲ."

ಪೀರಾಂಬಿ ಹೊಲಿಗೆ ನಿಲ್ಲಿಸಿ ಎದ್ದಳು. "ಮಾಸ್ತರ, ನೀವು ಸುಮ್ಮನಿರ್ರಿ. ಕಾಕಾ, ನೀವೂ ಒಂದೀಟು ತಡೀರಿ. ಆ ಮಾತು ನಿಮ್ದೂ ಅಲ್ಲ, ಇವರ್ದೂ ಅಲ್ಲ, ನಂದೂ ಅಲ್ಲ. ಹೊಳೆವ್ವ ಅಳಸಂದ್ರ ಈಗಿಂದೀಗ ಅಳಸ್ತೀನಿ. ನಡೀರಿ, ಆಕೀನ್ನ ಕೇಳೂಣು."

ಅವರು ಮನೆಗೆ ಹೋದಾಗ ಹೊಳೆವ್ವ ಬಾಗಿಲ ಮರೆಯಲ್ಲಿ ನಿಂತಳು. ಮಾವನ ಮುಂದೆ ಅವಳು ಎಂದೂ ದನಿಯೆತ್ತಿದವಳಲ್ಲ. ಅಂದೂ ಎತ್ತಲಿಲ್ಲ, ಮೆಲ್ಲಗೇ ಹೇಳಿದಳು. "ಮಾವಾರ ಮೊದಲ ಕೇಳಲಿ. ಆಮ್ಯಾಲೂ ಬ್ಯಾಡಂದ್ರ, ಆಗ ನನ್ನ ಮಾತು ನಾ ಹೇಳ್ತೀನಿ."

ಪೀರಾಂಬಿ ಕಟ್ಟೆಯ ಮೇಲೆ ಟೇಪ್ ಇಟ್ಟು ಗುಂಡಿ ಒತ್ತಿದಳು. ಗೊಲ್ಲಾಳಪ್ಪ ಮುಖ ತಿರುಗಿಸಿ ಕೂತ. ಬೆಲ್ಲದ ಮಾತು ಬಂದಾಗ ಅವನ ಮೀಸೆ ಅಲುಗಿತು. ಹೆಗಲ ಮೇಲೆ ಹೊತ್ತು ಓಡಿದ ಮಾತು ಬಂದಾಗ ಬಡಿಗೆ ಕೆಳಗಿಟ್ಟ. ಸೊಸೆಯ ಬಾಯಲ್ಲಿ ತನ್ನ ಬಗ್ಗೆ ಬೈಗುಳವಿದ್ದೀತೆಂದು ಅವನು ಅಂಜಿದ್ದನೋ ಏನೋ.

"ಆ ಹೆಸರು ಕೇಳಿದ್ರ ನನಗ ಕೂಳು ಇಳೀತಿದ್ದಿಲ್ಲವ್ವಾ," ಅಂದ ಟೇಪು ಮುಗಿದ ಮೇಲೆ, ಬಾಗಿಲ ಕಡೆ ನೋಡದೆ. "ಅದಕ್ಕ ಬ್ಯಾಡಂದೆ. ನಿನಗ ಬ್ಯಾರೆ ತಿಳೀತೇನೋ." ಆಮೇಲೆ ಪೀರಾಂಬಿಗೆ, "ಅದು ನನ್ನ ಮಾತೂ ಹಿಡಕೋತದೇನು?" ಎಂದು ಕೇಳಿದ.

ಪೀರಾಂಬಿ ಗುಂಡಿ ಒತ್ತಿ ಮೈಕು ಹಿಡಿದಳು. ಹಾದಿಯುದ್ದಕ್ಕೂ ಕೂಸು ಈ ಅಜ್ಜನ ಕಿವಿ ಹಿಡಿದುಕೊಂಡಿತ್ತೆಂದು ಅವನು ಹೇಳಿದ. ಅಷ್ಟೇ ಹೇಳಿದ. ಹೊಳೆವ್ವ ಹೊರಬಂದು ಮಾವನ ಹತ್ತಿರ ತಂಬಿಗೆಯಲ್ಲಿ ನೀರು ಇಟ್ಟಳು.

ಬಬಲೇಶ್ವರದ ಸಂತೆಯ ದಿನ ಬೇವಿನ ಗಿಡಕ್ಕೆ ಸ್ಪೀಕರ್ ಕಟ್ಟಿದರು. ಲಾಡಲೇಸಾಬ ಕೆಳಗೆ ಕೂತು ಕಮಾನು ಮೀಟಿದ. ಪೀರಾಂಬಿ ನಿಂತು ಒಂದೊಂದು ಗಾದಿ ಯಾವ ಮನೆಯದೆಂದು ಹೇಳುವಳು, ಆಮೇಲೆ ಟೇಪಿನ ದನಿ ಬರುವುದು. ಮೊದಮೊದಲು ಜನ ಚೌಕಾಶಿ ಮಾಡುತ್ತಲೇ ಕೇಳಿದರು. ಅಳಿಯನ ಕಥೆಗೆ ಬಿದ್ದುಬಿದ್ದು ನಕ್ಕರು. ಸಕ್ರಿಯ ಮಾತು ಬಂದಾಗ ತಕ್ಕಡಿ ಹಿಡಿದವರು ತಕ್ಕಡಿ ಕೆಳಗಿಟ್ಟರು. ಗೊಲ್ಲಾಳಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದ. ಹೆಂಗಸರ ಗುಂಪಿನ ನಡುವೆ ಹೊಳೆವ್ವ ತಲೆಯೆತ್ತಿ ನಿಂತಿದ್ದಳು.

ಜನವರಿಯಲ್ಲಿ ವಿಜಾಪುರದ ಸಭಾಂಗಣದಲ್ಲೂ ಅದು ನಡೆಯಿತು. ಕಟ್ಟಿದವರು ಯಾರು ಎಂದು ಹೇಳುವಾಗ ಶಾಂತಪ್ಪ ಪೀರಾಂಬಿಯ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಹೇಳಿದ. ಅವಳಿಗೆ ಅದು ವಿಶೇಷವೆನಿಸಲಿಲ್ಲ, ಸರಿಯೇ ಎನಿಸಿತು. ಸಭೆ ಮುಗಿದ ಮೇಲೆ ಮಂಡಳಿಯ ಹಿರಿಯರು ಅವಳ ಹತ್ತಿರ ಬಂದು, ಮುಂದಿನ ವರ್ಷ ತೊರವಿಯಲ್ಲಿ ಎರಡು ತಿಂಗಳು ಇದ್ದು ಇಂಥದ್ದೇ ಇನ್ನೊಂದು ಕಟ್ಟಿಕೊಡುವಿರಾ ಎಂದು ಕೇಳಿದರು.

"ಇಂಥಾದ್ದ ಆಗಂಗಿಲ್ರಿ," ಅಂದಳು ಪೀರಾಂಬಿ. "ತೊರವಿ ಮಂದಿ ಏನ ಮಾತಾಡ್ತಾರೋ ಅದು ಆಗ್ತದ. ಮದುವಿ ಗಾದಿ ಹೊಲಿಯೂ ಸುಗ್ಗಿ ಮುಗದ ಮ್ಯಾಲ ಬರ್ತೀನಿ. ಆದ್ರ ಯಂತ್ರ ನನ್ನ ಕೈಯಾಗ ಇರಬೇಕು ನೋಡ್ರಿ."

ಹಾಗೆಯೇ ಆಯಿತು. ಮರುವರ್ಷದ ಬೇಸಿಗೆಯ ಕೊನೆಗೆ ಪೀರಾಂಬಿ ಗಂಡನಿಗೆ ರೊಟ್ಟಿ ಬಡಿದುಕೊಡುವ ಕೆಲಸವನ್ನು ನಾದಿನಿ ಮುಮತಾಜಳಿಗೆ ಒಪ್ಪಿಸಿ, ಟೇಪ್ ಹೆಗಲಿಗೇರಿಸಿ ಬಸ್ಸು ಹತ್ತಿದಳು. ತೊರವಿಯಲ್ಲಿ ಇಳಿದು, ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರ ಹತ್ತಿರ ನೇರ ನಡೆದು, ಅವರಲ್ಲಿ ಒಬ್ಬಳ ಕೈಯಿಂದ ಹಗ್ಗ ಇಸಿದುಕೊಂಡು ತಾನೂ ಒಂದು ಕೊಡ ಸೇದಿದಳು.