ಶೈಲಶ್ರೀಯ ಟೇಬಲ್ಲು, ಪ್ರಭುಲಿಂಗಪ್ಪನ ಆಂಟಿಕ್ಕು

ಶೈಲಶ್ರೀ ರಾಣೆಬೆನ್ನೂರಿಗೆ ಮದುವೆಯಾಗಿ ಬಂದಾಗಿನಿಂದ ಊರಿನ ಅರ್ಧ ಹೆಂಗಸರ ಜಂಪರು ಹೊಲಿದಿದ್ದಾಳೆ. ಹೊಲಿಯುವುದು ಮಶೀನಿನ ಮೇಲೆ, ಅದಕ್ಕೆ ಸ್ಟೂಲು ಇದೆ. ಕತ್ತರಿಸುವುದು ಮಾತ್ರ ನೆಲದ ಮೇಲೆ. ಚಾಪೆ ಹಾಸಿ, ಬಟ್ಟೆ ಹರವಿ, ಮಂಡಿಯೂರಿ, ಒಂದು ಕೈಯ ಮೇಲೆ ಮೈಭಾರ ಬಿಟ್ಟು ಇನ್ನೊಂದರಲ್ಲಿ ಕತ್ತರಿ ಆಡಿಸಬೇಕು. ನಾವು ರೈತರು ಹೆದ್ದಾರಿಯಲ್ಲಿ ಧರಣಿ ಕೂರುತ್ತಿದ್ದ ದಿನಗಳಲ್ಲಿ ನಮ್ಮ ಬ್ಯಾನರುಗಳನ್ನು ಕತ್ತರಿಸಿ ಅಂಚು ಹೊಲಿದುಕೊಟ್ಟವಳು ಈಕೆಯೇ. ಪೊಲೀಸರು ಹರಿದರೆ ಮತ್ತೆ ಹೊಲಿಯುತ್ತಿದ್ದಳು. ಆಗ ಬೈಸಿಕೊಳ್ಳುತ್ತಿದ್ದವರು ನಾವು, ಎಳೆದರೆ ಹರಿಯುವ ಲಡ್ಡು ಬಟ್ಟೆ ತಂದಿದ್ದಕ್ಕೆ.

ಈಗ ಆಕೆಯ ಮಂಡಿ ಕೆಟ್ಟಿವೆ. ಒಮ್ಮೆ ಕೂತರೆ ಮಶೀನಿನ ಕಾಲು ಹಿಡಿದುಕೊಂಡೇ ಏಳಬೇಕು.

ಹಲಗೇರಿ ರಸ್ತೆಯಲ್ಲಿ ಹೊಸ ಮನೆಗೆ ಪಾಯ ತೆಗೆಸಿದಾಗ ಗಂಡ ಪ್ರಭುಲಿಂಗಪ್ಪನ ಹತ್ತಿರ ಆಕೆ ಕೇಳಿದ್ದು ಒಂದೇ: ಸೊಂಟದ ಮಟ್ಟದ ಟೇಬಲ್ಲು, ಅದಕ್ಕೆ ಕಿಟಕಿ ಪಕ್ಕ ಜಾಗ. ನಿಂತು ಕತ್ತರಿಸಬೇಕು, ಅಷ್ಟೇ. ಪ್ರಭುಲಿಂಗಪ್ಪ ಬೀಜದ ಅಂಗಡಿ ಯಜಮಾನ. ಆಗಲಿ ಅಂದ. ಆಗಲಿ ಅನ್ನಲು ಅವನಿಗೆ ಯಾವತ್ತೂ ಕಷ್ಟವಾಗಿಲ್ಲ.

ಮನೆ ಎದ್ದಿತು. ಹಿಂದಿನ ಸಣ್ಣ ಕೋಣೆಯಲ್ಲಿ ಕಿಟಕಿ ಪಕ್ಕ ಜಾಗವೂ ಉಳಿಯಿತು. ಹೊಸ ಮನೆಗೆ ಹಳೇ ಸಾಮಾನು ಕಾಲಿಡಬಾರದು ಎಂದು ಪ್ರಭುಲಿಂಗಪ್ಪ ತನ್ನ ಅಜ್ಜನ ಮಂಚವನ್ನು ಗುಜರಿಯವನಿಗೆ ಹಾಕಿದ. ಶೈಲಶ್ರೀಯ ತವರಿನವರು ಮದುವೆಯಲ್ಲಿ ಕೊಟ್ಟ ಆಳೆತ್ತರದ ಕಬ್ಬಿಣದ ತಿಜೋರಿಯನ್ನೂ ಸಾಗಿಸುವವನಿದ್ದ. ಅದರ ತುಂಬ ಗಿರಾಕಿಗಳ ಬಟ್ಟೆ ಇದ್ದದ್ದರಿಂದ ಅದೊಂದು ಬಚಾವಾಯಿತು. ಹೊಸ ಸಾಮಾನನ್ನು ನೀನೇ ಆರಿಸು ಎಂದು ಆಕೆಯನ್ನು ಶೋರೂಮಿಗೆ ಕರೆದುಕೊಂಡು ಹೋದ. ಆಕೆ ನಾಲ್ಕು ಬೆತ್ತದ ಕುರ್ಚಿ ತೋರಿಸಿದಳು. ಆದರೆ ಅವನು ಮೊದಲೇ ಶೋರೂಮಿನವನಿಗೆ ಫೋನಿನಲ್ಲಿ ಹೇಳಿಯಾಗಿತ್ತು: ಹಾಲಿನ ಎರಡು ಗೋಡೆ ಹಿಡಿಯುವ ಸೋಫಾ. ಶೈಲಶ್ರೀಗೆ ಉಳಿದದ್ದು ಅದರ ಬಣ್ಣ ಆರಿಸುವುದು. ಮಣ್ಣಿನ ಬಣ್ಣ ಅಂದಳು, ಕೊಳೆ ಕಾಣುವುದಿಲ್ಲವೆಂದು. ಅಲ್ಲಿದ್ದ ಟೇಬಲ್ಲುಗಳ ಮೇಲೆ ಕೈ ಊರಿ ನೋಡಿದಳು, ಎಲ್ಲವೂ ಅಲುಗಿದವು. ಕತ್ತರಿಸುವಾಗ ಅಲುಗಿದರೆ ತೋಳು ಒಂದು ಕಡೆ ಹೋಗುತ್ತದೆ, ಕೊರಳು ಒಂದು ಕಡೆ.

ಬೇಕಾದದ್ದು ಆಕೆಗೆ ಸಿಕ್ಕಿದ್ದು ಬ್ಯಾಡಗಿಯಲ್ಲಿ. ಶಮಶೇರಸಾಬ ಅಲ್ಲಿ ಕೆಡವಿದ ಮನೆಗಳ ಬಾಗಿಲು, ಕಂಬ, ತೊಲೆ ತಂದು ಮಾರುವವನು. ನೆಂಟರ ಮನೆಗೆ ಹೋಗಿದ್ದ ಶೈಲಶ್ರೀ ರಸ್ತೆಯಿಂದಲೇ ಆ ಟೇಬಲ್ಲು ಕಂಡು ನಿಂತಳು. ಬಾಗಿಲು ಹಾಕಿದ ಜವಳಿ ಅಂಗಡಿಯೊಂದರದು, ತೇಗದ್ದು, ಅಂಚಿಗೆ ಬಟ್ಟೆ ಅಳೆಯುವ ಹಿತ್ತಾಳೆ ಪಟ್ಟಿ ಬಡಿದದ್ದು. ಊರಿಗೆಲ್ಲ ಇರುವ ಮೆಣಸಿನಕಾಯಿ ಘಾಟು ಅದಕ್ಕೂ ಇತ್ತು. ಸೊಂಟದಿಂದ ಒಮ್ಮೆ ನೂಕಿದಳು, ಮಿಸುಕಲಿಲ್ಲ. ಸೆರಗು ಬಿಚ್ಚಿ ಅದರ ಮೇಲೆ ಹರವಿ ಸಾಬನ ಎದುರೇ ಅಳತೆ ನೋಡಿದಳು. ಆಮೇಲೆ ತನ್ನ ತೊಡಕು ಹೇಳಿದಳು: ಹಳೇದು ಅಂದರೆ ಯಜಮಾನರು ಬಾಗಿಲಿನಿಂದಲೇ ತಿರುಗಿಸಿ ಕಳಿಸುತ್ತಾರೆ.

"ಹಳೇದು ಅಂತ ಯಾಕ ಹೇಳ್ತೀರಿ ಅಕ್ಕಾರ? ಆಂಟಿಕ್ ಅನ್ರಿ," ಅಂದ ಶಮಶೇರಸಾಬ. "ಅದ ಕಟಿಗಿ, ಅದ ಹುಳ. ಹೆಸರು ಬದಲಾತಂದ್ರ ಹಿತ್ತಲದಾಗಿಂದು ನಡುಮನಿಗೆ ಬರ್ತೈತಿ."

ಆಂಟಿಕ್ ಎಂಬ ಶಬ್ದ ಅಷ್ಟರಲ್ಲಿ ಪ್ರಭುಲಿಂಗಪ್ಪನನ್ನು ಕಚ್ಚಿಯಾಗಿತ್ತು. ಅವನ ಚಿಕ್ಕಪ್ಪನ ಮಗ ಶಶಿಕಾಂತ ಹಾವೇರಿಯಲ್ಲಿ ವಕೀಲ. ಯಾವುದೋ ಹಳೇ ಬಾಗಿಲನ್ನು ಮಲಗಿಸಿ, ಕಾಲು ಹಚ್ಚಿ, ಮೇಲೆ ಗಾಜು ಹಾಕಿ ಹಾಲಿನಲ್ಲಿ ಇಟ್ಟುಕೊಂಡಿದ್ದ. ಬಂದವರೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅದನ್ನು ನೋಡಿ ಬಂದ ಮೇಲೆ ಪ್ರಭುಲಿಂಗಪ್ಪ ಗುಜರಿಯವನನ್ನು ಹುಡುಕಿಕೊಂಡು ಹೋಗಿದ್ದ. ಅಜ್ಜನ ಮಂಚ ಆಗಲೇ ಯಾರದೋ ಒಲೆ ಸೇರಿತ್ತು.

ಊಟಕ್ಕೆ ಬಡಿಸುತ್ತ ಶೈಲಶ್ರೀ ಅಂದಳು: "ಬ್ಯಾಡಗ್ಯಾಗ ಒಂದು ಆಂಟಿಕ್ ಟೇಬಲ್ ಐತ್ರಿ. ಅಂಥಾದ್ದು ಶಶಿಕಾಂತಣ್ಣಾರ ಮನ್ಯಾಗೂ ಇಲ್ಲ."

ಮರುದಿನ ಅವನೇ ಗಾಡಿ ಮಾಡಿಕೊಂಡು ಹೋಗಿ ತಂದ. ಅಷ್ಟು ಸಲೀಸಾಗಿ ಆಕೆಯ ಯಾವ ಮಾತೂ ಆ ಮನೆಯಲ್ಲಿ ನಡೆದಿರಲಿಲ್ಲ. ಚಾ ಮಾಡಿ, ಹಿಂದಿನ ಕೋಣೆ ಗುಡಿಸಿ ಕಾದಳು. ಟೇಬಲ್ಲು ಹಿಂದಿನ ಕೋಣೆಗೆ ಹೋಗಲೇ ಇಲ್ಲ. ಹಾಲಿನ ನಡುವೆ ಇಳಿಯಿತು. ಪಾಲಿಶಿನವನು ಬಂದ, ಗಾಜಿನವನು ಬಂದ. ಹಾಲಿನಲ್ಲಿದ್ದ ಶೋಕೇಸು ಜಾಗ ಬಿಡಬೇಕಾಯಿತು. ಅದನ್ನು ಒಯ್ದು ಹಿಂದಿನ ಕೋಣೆಯ ಕಿಟಕಿ ಪಕ್ಕ ಇಟ್ಟರು.

ಇದು ಬಟ್ಟೆ ಕತ್ತರಿಸಲು ತರಿಸಿದ್ದು ಎಂದು ಶೈಲಶ್ರೀ ಹೇಳಿದಳು.

"ಆಂಟಿಕ್ ಅಂತ ನೀನ ಹೇಳೀದಿ. ಆಂಟಿಕ್ ಮ್ಯಾಲೆ ಯಾರರ ಕತ್ತರಿ ಆಡಸ್ತಾರೇನ? ಅದು ನೋಡಾಕ," ಅಂದ ಗಂಡ. ಹಿಂದಕ್ಕಾದರೂ ಇಡಿ ಅಂದರೆ, ಕಿಟಕಿ ಬಿಸಿಲಿಗೆ ಪಾಲಿಶ್ ಹೋಗುತ್ತದೆ ಅಂದ.

ಅವನು ಅಂಗಡಿಗೆ ಹೋದಾಗ ಆಕೆ ಗಾಜಿನ ಮೇಲೆಯೇ ಬಟ್ಟೆ ಹರವಿ ನೋಡಿದಳು. ಎಣ್ಣೆ ಬಳಿದಂತೆ ಜಾರಿತು. ಹೊಸ ಮದುಮಗಳ ರೇಷ್ಮೆ ಜಂಪರಿನ ತೋಳು ವಾರೆ ಬಿತ್ತು. ಬೇರೆ ಬಟ್ಟೆ ತಂದು ಹೊಲಿದುಕೊಡಬೇಕಾಯಿತು. ಗಾಜು ಎತ್ತಿಡೋಣವೆಂದರೆ ಒಬ್ಬಳ ಕೈಲಿ ಏಳುವಂಥದ್ದಲ್ಲ. ಮತ್ತೆ ನೆಲಕ್ಕೆ ಕೂತಳು. ಹಿಂದಿನ ಕೋಣೆ ಶೋಕೇಸಿಗೆ ಹೋಗಿತ್ತು; ಚಾಪೆ ಹಾಸುವಷ್ಟು ನೆಲ ಉಳಿದದ್ದು ಸೋಫಾ ಮತ್ತು ಟೇಬಲ್ಲಿನ ನಡುವೆ ಮಾತ್ರ.

ಸುಮ್ಮನಿರುವವಳಲ್ಲ. ಬ್ಯಾಡಗಿಗೆ ಹೋಗಿ, ನೀವು ಕೊಟ್ಟ ಹೆಸರು ನೀವೇ ವಾಪಸ್ ತಗೊಳ್ಳಿ ಎಂದು ಶಮಶೇರಸಾಬನನ್ನು ಕರೆತಂದಳು. ಪಾಪ, ಬಂದ. ಟೇಬಲ್ಲಿನ ಸುತ್ತ ಒಂದು ಸುತ್ತು ಹಾಕಿ, ಯಜಮಾನರ, ಇದು ಆಂಟಿಕ್ ಅಲ್ಲ, ಬರೇ ಅಂಗಡಿ ಟೇಬಲ್ಲು ಅಂದ. ಪ್ರಭುಲಿಂಗಪ್ಪ ಹುಟ್ಟಾ ವ್ಯಾಪಾರಿ. ಮಾರಿದವನೇ ಮನೆಗೆ ಬಂದು ಮಾಲು ಹಳಿದರೆ ಏನರ್ಥ ಎಂದು ಅವನಿಗೆ ಯಾರೂ ಕಲಿಸಬೇಕಿಲ್ಲ.

"ದೊಡ್ಡ ಗಿರಾಕಿ ಸಿಕ್ಕಾನ ಇವಗ. ತಿರುಗಿ ಒಯ್ಯಾಕ ಬಂದಾನ," ಎಂದು ಹೆಂಡತಿಗೆ ಕೇಳಿಸುವಂತೆಯೇ ಅಂದು, ಸಾಬನಿಗೆ ಚಾ ಕುಡಿಸಿ ಸಾಗಹಾಕಿದ.

ಗೇಟಿನ ಬಳಿ ಶಮಶೇರಸಾಬ ಚಪ್ಪಲಿ ಮೆಟ್ಟುತ್ತ, "ಸುಳ್ಳು ಲಗೂ ನಂಬಿದ್ರು ಅಕ್ಕಾರ, ಖರೇ ನಂಬವಲ್ರು. ನಾ ಏನ ಮಾಡ್ಲಿ?" ಅಂದ.

ಅದೇ ವಾರ ಪ್ರಭುಲಿಂಗಪ್ಪ ಟೈಲ್ಸಿಗೆ ತೂತು ಹೊಡೆಸಿ ಟೇಬಲ್ಲಿನ ನಾಲ್ಕೂ ಕಾಲಿಗೆ ಕ್ಲಾಂಪ್ ಹಾಕಿ ಬಿಗಿಸಿದ.

ನನಗೆ ಇದನ್ನೆಲ್ಲ ಹೇಳಿದ್ದು ಆಕೆಯೇ, ಕತ್ತರಿ ಬಿಡದೆ. ಗಾಜು ಒಡೆದು ಹಾಕು ಅಂದೆ. ನಾವು ಇಷ್ಟು ವರ್ಷ ಹೇಳುತ್ತ ಬಂದದ್ದು ಅಂಥದ್ದೇ.

"ಒಡೀತೇನಿ ಅಣ್ಣಾರ. ಒಡದ ಮ್ಯಾಲೆ ಕಸಾ ಹೊಡಿಯಾಕಿ ಯಾರು? ನಾನ," ಅಂದಳು. "ನಾಳಿಗಿ ಅವರು ಇನ್ನೂ ದಪ್ಪಂದು ತರ್ತಾರು."

ಮುಷ್ಕರ, ಧರಣಿ, ರಸ್ತೆ ತಡೆ ಎಲ್ಲ ಮಾಡಿದ ನಾನು ಚಾಪೆಯ ಸುತ್ತ ಬಿದ್ದ ಬಟ್ಟೆ ಚೂರು ಆರಿಸತೊಡಗಿದೆ.

ಮದುವೆ ದಿನಗಳು ಶುರುವಾದ ಮೇಲೆ ಒಂದು ಭಾನುವಾರ ಶಶಿಕಾಂತ ಹೆಂಡತಿಯನ್ನು ಕರೆದುಕೊಂಡು ಹಾವೇರಿಯಿಂದ ಬಂದ, ಟೇಬಲ್ಲು ನೋಡಲೆಂದೇ. ನಾನೂ ಅಲ್ಲೇ ಇದ್ದೆ. ಶೈಲಶ್ರೀ ಚಾ ಕೊಟ್ಟು ಮತ್ತೆ ಚಾಪೆಗೆ ಇಳಿದಳು. ಸಂಜೆಗೆ ಕೊಡಬೇಕಾದ ಜಂಪರುಗಳಿದ್ದವು. ಗಂಡಸರು ಸೋಫಾದಲ್ಲಿ ಕೂತರು. ಪ್ರಭುಲಿಂಗಪ್ಪ ಕತೆ ತೆಗೆದ. ಅವನ ಬಾಯಲ್ಲಿ ಜವಳಿ ಅಂಗಡಿ ಈಗ ದೇಸಾಯರ ವಾಡೆ ಆಗಿತ್ತು. ಟೇಬಲ್ಲನ್ನು ಆನೆಯ ಮೇಲೆ ಹೇರಿ ತಂದಿದ್ದರಂತೆ. ಶಶಿಕಾಂತ ಎದ್ದು ಕಟ್ಟಿಗೆ ಸವರಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಮತ್ತೆ ಕೂತ. ಕೂತದ್ದೇ ಕಾಲು ಚಾಚಿದ.

ಕೆಳಗಿನಿಂದ ಶೈಲಶ್ರೀಯ ದನಿ ಬಂತು. "ಶಶಿಕಾಂತಣ್ಣಾರ, ಕಾಲ ಎತ್ರಿ. ಬಟ್ಟಿ ಐತಿ."

ಅವನು ಎತ್ತಿದ. ಪ್ರಭುಲಿಂಗಪ್ಪನೂ ಕತೆಯ ಆನೆಯನ್ನು ತುಂಗಭದ್ರೆ ದಾಟಿಸುತ್ತಲೇ ತನ್ನ ಎರಡೂ ಕಾಲು ಮೇಲೆತ್ತಿ ಹಿಡಿದ. ಆಕೆ ಅವರ ಕಾಲುಗಳ ಕೆಳಗಿನಿಂದ ಬಟ್ಟೆ ಎಳೆದುಕೊಂಡು, ಮಡಿಕೆ ಸರಿಮಾಡಿ, ಕೊರಳು ಕತ್ತರಿಸತೊಡಗಿದಳು.