ಮೀನು ಮೆಚ್ಚಿದ ಇಡ್ಲಿ

ಆಕ್ಲೆಂಡಿನ ಚಳಿಗೆ ಇಡ್ಲಿ ಹಿಟ್ಟು ಉಬ್ಬೋದೇ ಇಲ್ಲ. ಆವತ್ತು ಬೆಳಿಗ್ಗೆ ನಮ್ಮನೆಯವರು ನನ್ನ ಇಡ್ಲಿ ಒತ್ತಿ ನೋಡಿ, "ಇದೇನೇ, ರಬ್ಬರ್ರಾ?" ಅಂದರು. ನನಗೆ ರೇಗಿತು. ಅಷ್ಟನ್ನೂ ಡಬ್ಬಿಗೆ ತುಂಬಿಕೊಂಡು ಹೊರಟುಬಿಟ್ಟೆ.

ಆಗ ನಾನು ಈಸ್ಟ್ ತಮಾಕಿಯ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಆವತ್ತು ಹೈಸ್ಕೂಲುಗಳ ಮೀನು ಹಿಡಿಯೋ ಪಂದ್ಯ. ನಮ್ಮ ಏರಿಯಾದ ಹುಡುಗಿಯರ ತಂಡಕ್ಕೆ ಎಲ್ಲರೂ ಕೈಜೋಡಿಸಿದ್ದರು. ಇಲ್ಲಿ ಡೈರಿ ಅಂತಾರಲ್ಲ, ಆ ಮೂಲೆ ಅಂಗಡಿಯವನು ತಿಂಡಿ ಕೊಟ್ಟ, ಪಕ್ಕದ ಮನೆಯವರು ಸಾಮಾನು ಸಾಗಿಸೋಕೆ ತಮ್ಮ ಯೂಟ್ ಗಾಡಿ ಕೊಟ್ಟರು, ಐಸು ನಮ್ಮ ಫ್ಯಾಕ್ಟರಿಯದು. ಗಾಳಕ್ಕೆ ಸಿಕ್ಕಿಸೋ ಮೀನಿನ ಚೂರುಗಳನ್ನೂ ನನ್ನ ಕೈಗೇ ಒಪ್ಪಿಸಿದ್ದರು. ಕೆಡಬಾರದು ಅಂತ ನಾನು ಹಿಂದಿನ ದಿನವೇ ದೊಡ್ಡ ಫ್ರೀಜರಿಗೆ ಹಾಕಿದ್ದೆ. ಸಮುದ್ರದ ದಡದಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದರೆ, ಎಲ್ಲಾ ಹೆಪ್ಪುಗಟ್ಟಿ ಇಟ್ಟಿಗೆ!

ಪಂದ್ಯ ಶುರುವಾಗೇಹೋಯ್ತು. ಪಕ್ಕದ ತಂಡ ಆಗಲೇ ಎರಡು ಮೀನು ಎಳೆದಿತ್ತು. ನನಗೆ ಅಳುವೇ ಬಂತು.

"ಆಂಟಿ, ಆ ಇನ್ನೊಂದು ಡಬ್ಬಿಯಲ್ಲೇನಿದೆ?" ತಂಡದ ನಾಯಕಿ ಮಿಯಾ ಕೇಳಿದಳು.

"ಇಡ್ಲಿ. ಅನ್ನದ ಥರ, ನಮ್ಮ ಊಟ."

ಅವಳು ಒಂದು ಚೂರು ಮುರಿದು, ಗಾಳಕ್ಕೆ ಚುಚ್ಚಿ, ಜಗ್ಗಿ ನೋಡಿದಳು. "ಆಂಟಿ, ಇದು ಬೀಳೋದೇ ಇಲ್ಲ!"

ಎಸೆದ ಎರಡೇ ನಿಮಿಷಕ್ಕೆ ದಾರ ಬಿಗಿಯಾಯ್ತು. ಮೀನಿನ ವಾಸನೆಗೇ ಮೂಗು ಮುಚ್ಚೋ ನಾನು, "ಎಳಿಯೇ, ಎಳಿ!" ಅಂತ ಕನ್ನಡದಲ್ಲೇ ಕಿರುಚಿ ಕುಣಿದೆ. ಒಂದರ ಹಿಂದೆ ಒಂದು, ಡಬ್ಬಿ ಖಾಲಿಯಾಗೋವರೆಗೆ ಮೀನು ಬಂದವು. ಕಪ್ ನಮಗೇ ಬಂತು.

ಈಗಲೂ ನಮ್ಮನೆಯವರು ಇಡ್ಲಿ ಒತ್ತಿ ನೋಡಿದರೆ, ನಾನು ಗೋಡೆಯ ಮೇಲಿನ ಆ ತಂಡದ ಫೋಟೋ ತೋರಿಸ್ತೀನಿ. ಅಷ್ಟು ಮೀನು ತಿಂದವಲ್ಲ, ಒಂದಾದರೂ ಗಟ್ಟಿ ಅಂದಿತಾ?